ಒಂದು ಗಂಟೆ ಕಳೆದು ಬರೆಯಿರಿ

ಮಳವಳ್ಳಿಯಲ್ಲಿ ನಾನು ಸ್ಕೂಲ್ ಮೇಷ್ಟ್ರಾಗಿದ್ದ ಕಾಲದಲ್ಲಿ ನನ್ನ ಮನೆಯಲ್ಲಿ ಸದ್ದು ಮಾಡುತ್ತಿದ್ದವು ಗಡಿಯಾರಗಳು ಮಾತ್ರ. ಮದುವೆಯಾಗಿ ಎಂಟು ವರ್ಷವಾದರೂ ಮಕ್ಕಳಾಗಿರಲಿಲ್ಲ. ಜನರ ಬಾಯಿಗೆ ಹೆದರಿ ಹೆಂಡತಿ ವರ್ಷದಲ್ಲಿ ಆರು ತಿಂಗಳು ಯಲಿಯೂರಿನ ತವರಿನಲ್ಲೇ ಇರುತ್ತಿದ್ದಳು. ನನಗೆ ಜೊತೆ ಎಂದರೆ ಒಂದು ಗೋಡೆ ಗಡಿಯಾರ, ಒಂದು ಜೇಬು ಗಡಿಯಾರ, ಒಂದು ಅಲಾರಂ ಟೈಂಪೀಸು.

ಅವು ದಿನಕ್ಕೆ ಎಷ್ಟು ಸೆಕೆಂಡು ಹಿಂದೆ ಬೀಳುತ್ತವೆ, ಎಷ್ಟು ಮುಂದೆ ಓಡುತ್ತವೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಬೇಸಿಗೆಯಲ್ಲಿ ಲೋಲಕದ ಕಡ್ಡಿ ಬಿಸಿಗೆ ಹಿಗ್ಗಿ ಗೋಡೆ ಗಡಿಯಾರ ನಿಧಾನವಾಗುತ್ತಿತ್ತು. ಕೆಳಗಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಒಂದು ವಾರ ಕಾಯುತ್ತಿದ್ದೆ. ಸರಿಯಾದ ಟೈಮು ಬೇಕಾದರೆ ಮದ್ದೂರು ಸ್ಟೇಷನ್ನಿಗೇ ಹೋಗಬೇಕು. ಅಲ್ಲಿ ದಿನವೂ ಸಂಜೆ ನಾಲ್ಕಕ್ಕೆ ಟೆಲಿಗ್ರಾಫ್ ತಂತಿಯ ಮೇಲೆ ಟೈಮು ಬರುತ್ತಿತ್ತು. ವಾರಕ್ಕೊಮ್ಮೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನ ಹೊಗೆಗೆ ಕೆಮ್ಮುತ್ತಾ ಹೋಗಿ, ತಂತಿಯ ಕಿಟಕಿಯ ಹತ್ತಿರ ನಿಂತು ಜೇಬು ಗಡಿಯಾರ ಸರಿಮಾಡಿಕೊಂಡು ಬರುತ್ತಿದ್ದೆ. ಮದ್ದೂರಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಸಾಬರು ನನ್ನನ್ನು ನೋಡಿದರೆ ನಗುತ್ತಿದ್ದರು. "ಎಣ್ಣೆ ಜಾಸ್ತಿ ಹಾಕ್ಬೇಡಿ ಮೇಷ್ಟ್ರೆ, ಸೂಜಿ ಮೊನೇಲಿ ನಿಂತಷ್ಟು ಸಾಕು. ನಿಮ್ಮ ಗಡಿಯಾರ ಕೆಡೋದು ಮುದ್ದು ಜಾಸ್ತಿ ಆಗಿ," ಎನ್ನುತ್ತಿದ್ದರು. ಮುದ್ದು ಮಾಡಲು ನನಗೆ ಬೇರೆ ಯಾರಿದ್ದರು?

ಯುದ್ಧ ಜೋರಾದಾಗ ಸರ್ಕಾರ ಎಲ್ಲರ ಗಡಿಯಾರವನ್ನೂ ಒಂದು ಗಂಟೆ ಮುಂದಕ್ಕೆ ತಳ್ಳಿಸಿತು. ರೈಲು, ಕಚೇರಿ, ಸ್ಕೂಲು ಎಲ್ಲಕ್ಕೂ ಹೊಸ ಟೈಮು. ಹಳ್ಳಿಯವರಿಗೆ, ಪಂಚಾಂಗದವರಿಗೆ ಹಳೇ ಟೈಮೇ. ಸಂತೆಯಲ್ಲಿ ಯಾರಾದರೂ ಗಂಟೆ ಕೇಳಿದರೆ, "ಹೊಸದೋ ಹಳೇದೋ?" ಎಂದು ಕೇಳಿಯೇ ಉತ್ತರ ಹೇಳಬೇಕಾಗಿತ್ತು.

ಆ ದಿನಗಳಲ್ಲೇ ಹೆಂಡತಿ ಬಸುರಿಯಾದಳು. ಏಳನೇ ತಿಂಗಳಿಗೆ ತವರಿಗೆ ಹೊರಟಾಗ ಅವಳ ಕೈಯಲ್ಲಿ ಟೈಂಪೀಸನ್ನೂ, ಮಾವನವರಿಗೆ ಒಂದು ಕಾಗದವನ್ನೂ ಕೊಟ್ಟು ಕಳಿಸಿದೆ. ಎಂಟು ವರ್ಷಕ್ಕೆ ಹುಟ್ಟುವ ಕೂಸು. ಅದರ ಜಾತಕದಲ್ಲಿ ಒಂದು ನಿಮಿಷವೂ ಹೆಚ್ಚುಕಮ್ಮಿ ಆಗಬಾರದೆಂಬುದು ನನ್ನ ಹಟ. ಕಾಗದದಲ್ಲಿ ಹೀಗೆ ಬರೆದಿದ್ದೆ: "ಈ ಗಡಿಯಾರ ಹೊಸ ಟೈಮಿನದು. ಕೂಸು ಹುಟ್ಟಿದಾಗ ಇದರಲ್ಲಿ ಹೊತ್ತು ನೋಡಿ, ಒಂದು ಗಂಟೆ ಕಳೆದು ಬರೆಯಿರಿ."

ಹೆಣ್ಣು ಮಗು ಹುಟ್ಟಿದೆಯೆಂದು ಮಾವನವರಿಂದ ಕಾಗದ ಬಂತು. ಮೊದಲ ಸಾಲು ಓದಿ ಕುಣಿಯುವ ಹಾಗಾಯಿತು. ಎರಡನೆಯ ಸಾಲನ್ನು ಮೂರು ಸಲ ಓದಿದೆ. ಆಶ್ಲೇಷೆಯ ನಾಲ್ಕನೇ ಪಾದ, ತಂದೆಗೆ ಕಂಟಕ. ಒಂದು ವರ್ಷ ತಂದೆಯಾದವನು ಕೂಸಿನ ಮುಖ ನೋಡುವ ಹಾಗಿಲ್ಲ ಎಂದು ಜೋಯಿಸರು ಹೇಳಿದ್ದರು. ಇನ್ನರ್ಧ ಗಂಟೆ ತಡವಾಗಿ ಹುಟ್ಟಿದ್ದರೆ ಮುಂದಿನ ನಕ್ಷತ್ರ ಮಖೆಯಾಗಿ, ತಂದೆಗೆ ಯಾವ ತೊಂದರೆಯೂ ಇರುತ್ತಿರಲಿಲ್ಲವಂತೆ.

ನನಗೆ ಕಂಟಕದ ಭಯವಿರಲಿಲ್ಲ. ಮಾವನವರಿಗೆ ಇತ್ತು, ಮಗಳು ಮುಂಡೆಯಾದಾಳೆಂಬ ಭಯ. ಅವರನ್ನು ಬೈಯುವುದು ಹೇಗೆ? ಒಂದು ತಿಂಗಳು ಗಡಿಯಾರಗಳ ನಡುವೆ ಕೂತು ಅನ್ನ ಬೇಯಿಸಿಕೊಂಡೆ, ಅರ್ಧ ತಿಂದೆ, ಅರ್ಧ ಬಿಟ್ಟೆ. ನೋಟ್‌ಬುಕ್ಕು ಮುಟ್ಟಲಿಲ್ಲ. ಕೊನೆಗೆ ತಡೆಯಲಾರದೆ, ಟೈಂಪೀಸಿಗೆ ಎಣ್ಣೆ ಹಾಕಬೇಕೆಂಬ ನೆಪ ಹೂಡಿ ಮದ್ದೂರಿಗೆ ಹೋಗಿ ಯಲಿಯೂರಿನ ರೈಲು ಹತ್ತಿದೆ.

ಮಾವನವರು ಜಗಲಿಯ ಮೇಲೆ ಚಾಪೆ ಹಾಸಿದರು. ಅದರಾಚೆಗೆ ನನಗೆ ಅಪ್ಪಣೆಯಿಲ್ಲ. ಟೈಂಪೀಸನ್ನು ಅವರೇ ಹೊರಗೆ ತಂದುಕೊಟ್ಟರು. ಒಳಗೆ ಕೂಸು ಅತ್ತಿತು. ಅದು ನನ್ನ ಮಗಳ ದನಿ. ಮೊದಲ ಸಲ ಕೇಳಿದ್ದು. ಕಣ್ಣು ಮಂಜಾಯಿತು. ಅದನ್ನು ಮರೆಮಾಚಲು, ಅಭ್ಯಾಸಬಲದಿಂದ ಹೊಸ ಟೈಮಿನ ಜೇಬು ಗಡಿಯಾರ ತೆಗೆದು ಟೈಂಪೀಸಿನ ಪಕ್ಕದಲ್ಲಿಟ್ಟೆ. ಟೈಂಪೀಸು ಒಂದು ಗಂಟೆ ಎರಡು ನಿಮಿಷ ಹಿಂದಿತ್ತು.

ಎರಡು ನಿಮಿಷ ಸರಿ, ಅದು ಆ ಟೈಂಪೀಸಿನ ಚಾಳಿ. ಒಂದು ಗಂಟೆ?

"ಮಾವ, ಇದರ ಮುಳ್ಳು ತಿರುಗಿಸಿದ್ದು ಯಾರು?"

"ನಾನಂತೂ ಮುಟ್ಟಿಲ್ಲ ಕಣ್ರೀ ಮೇಷ್ಟ್ರೆ. ನೀವು ಬರ್ದಂಗೇ ಒಂದು ಗಂಟೆ ಕಳ್ದು ಬರ್ಸಿವ್ನಿ."

ಬಾಗಿಲ ಹಿಂದಿನಿಂದ ಅತ್ತೆ ಹೇಳಿದರು: "ನಾನೇ ಕಣ್ರಪ್ಪ ತಿರುಗ್ಸಿದ್ದು. ಒತ್ತು ನೆತ್ತಿ ಮ್ಯಾಲಿದ್ರೆ ಅದು ಆಗ್ಲೇ ಒಂದು ಗಂಟೆ ಅಂತದೆ. ನೋಡಕ್ಕಾಗ್ದೆ ಇಂದಕ್ಕೆ ತಿರುಗ್ಸ್‌ಬುಟ್ಟೆ."

ಬೆರಳು ಮಡಿಸಿ ಲೆಕ್ಕ ಹಾಕಿದೆ. ಹೆರಿಗೆಗೆ ಮುಂಚೆಯೇ ಅವರು ಮುಳ್ಳು ಹಿಂದಕ್ಕೆ ಹಾಕಿದ್ದರೆ ಗಡಿಯಾರ ಹಳೇ ಟೈಮಿಗೆ ಬಂದಿತ್ತು. ಮಾವ ಅದರಲ್ಲಿ ಮತ್ತೊಂದು ಗಂಟೆ ಕಳೆದಿದ್ದರು. ಹಾಗಿದ್ದರೆ ಕೂಸಿನದು ಮಖೆ. ನಾನು ಈಗಲೇ ಒಳಗೆ ಹೋಗಬಹುದು. ಹೆರಿಗೆಯಾದ ಮೇಲೆ ತಿರುಗಿಸಿದ್ದರೆ ಬರೆದದ್ದೇ ಸರಿ, ಆಶ್ಲೇಷೆಯೇ.

"ಅತ್ತೆ, ಹೆರಿಗೆಗೆ ಮುಂಚೆಯೋ, ಆಮೇಲೋ?"

"ಅಯ್ಯೋ, ಗ್ಯಾನ ಇಲ್ವಲ್ಲಪ್ಪ. ಆ ಗಲಾಟೇಲಿ ಯಾವ್ದು ನೆಪ್ಪಿದ್ದದು?"

ವಕೀಲನ ಹಾಗೆ ಕೇಳಿದೆ. ಅವತ್ತು ಏನು ಅಡಿಗೆ, ಯಾವ ವಾರ, ಸೂಲಗಿತ್ತಿ ಬಂದಿದ್ದಳೇ? ಪಾಪ, ಅವರು ಒಂದೊಂದಕ್ಕೂ ಯೋಚಿಸಿ ಯೋಚಿಸಿ ಇಲ್ಲವೆಂದರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಬಚ್ಚಲಲ್ಲಿ ಬಿದ್ದಂತೆ ನನ್ನ ಪಾಡು. ಮುಳ್ಳು ಮುಟ್ಟಬೇಡಿ ಎಂಬ ಒಂದು ಮಾತು ಬರೆಯಲು ನನಗೆ ಹೊಳೆದಿರಲಿಲ್ಲ.

"ಇವಳ್ಗೇ ಗೊತ್ತಿಲ್ಲ ಅಂದ್ಮ್ಯಾಲೆ ಏನ್ಮಾಡದು? ವರ್ಸ ಕಳೀಲಿ ಬುಡಿ," ಎಂದು ಮಾವ ಎದ್ದು ದನಗಳ ಕಡೆಗೆ ಹೊರಟರು. ನಾನು ಟವಲಿನಲ್ಲಿ ಮುಖ ಮುಚ್ಚಿಕೊಂಡೆ. ಅಳು ತಡೆಯಲಾಗಲಿಲ್ಲ. ಮೂವತ್ತೆಂಟು ವರ್ಷದ ಮೇಷ್ಟ್ರು, ಹೆಂಡತಿಯ ಮನೆಯ ಜಗಲಿಯಲ್ಲಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಬಳೆಯ ಸದ್ದಾಯಿತು. ಅಳಿಯನ ಎದುರಿಗೆ ಎಂದೂ ನಿಲ್ಲದ ಅತ್ತೆ ಹೊಸಿಲು ದಾಟಿ ಬಂದು ನಿಂತಿದ್ದರು. ಅಂಗಳದಲ್ಲಿದ್ದ ಗಂಡನಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದರು: "ಮುಂಚೇನೇ! ಈಗ ಗ್ಯಾನ ಬಂತು. ಎರಿಗೆಗೆ ಒಂದಿನ ಮುಂಚೆ ತಿರುಗ್ಸಿದ್ದು."

"ದಿಟ್ವಾಗ್ಲೂವೆ?" ಎಂದರು ಮಾವ.

"ದ್ಯಾವ್ರಾಣೆಗೂ."

ನಾನು ತಲೆ ಎತ್ತಿದೆ. ಅತ್ತೆ ನನ್ನ ಕಣ್ಣು ತಪ್ಪಿಸಿ ನೆಲ ನೋಡುತ್ತಿದ್ದರು. ಅವರಿಗೆ ಏನೂ ನೆನಪಾಗಿಲ್ಲವೆಂದು ನನಗೆ ತಿಳಿಯಿತು.

ಇನ್ನೊಂದು ಪ್ರಶ್ನೆ ಕೇಳಿದ್ದರೆ ಅವರು ತಡವರಿಸುತ್ತಿದ್ದರು. ನಾನು ಕೇಳಲಿಲ್ಲ. ಕಣ್ಣೊರೆಸಿಕೊಂಡು, ಎರಡು ಗಡಿಯಾರಗಳನ್ನೂ ಚಾಪೆಯ ಮೇಲೇ ಬಿಟ್ಟು, ಅತ್ತೆಯ ಹಿಂದೆ ಒಳಗೆ ನಡೆದೆ.