ಪರದೆ ಎತ್ತಿದ ಅರ್ಧ ಗಂಟೆ

"ಅಮ್ಮಾ, ಬೂಸರ್ ತಾತ ಎಲ್ಲಿಗೂ ಹೋಗದೆ ಸುಮ್ನೆ ಮೆಟ್ಟಿಲು ಇಳಿದು ಹತ್ತಿ ಯಾಕೆ ಮಾಡ್ತಾರೆ?"

ಲಿಸ್ಬೆತ್‌ಗೆ ಐದು ವರ್ಷ. ಈ ಶನಿವಾರ ಬೆಳಿಗ್ಗೆ ಬಾಗಿಲ ಸಂದಿಯಲ್ಲಿ ಕೂತು ಎಣಿಸಿದ್ದಳು. ಹ್ಯಾಟು ಹಾಕಿಕೊಂಡು ಇಳಿಯುತ್ತಾರಂತೆ, ಬೀದಿ ಬಾಗಿಲ ತನಕ ಹೋಗುತ್ತಾರಂತೆ, ತಿರುಗಿ ಮೂರನೆಯ ಮಹಡಿಗೆ ಹತ್ತುತ್ತಾರಂತೆ.

"ಏನೋ ಮರೆತಿರ್ಬೇಕು ಕಣೇ."

"ನಾಲ್ಕು ಸಲಾನಾ?"

ಬೂಸರ್ ನಮ್ಮ ಮೇಲಿನ ಮನೆಯವರು. ಮದುವೆಯಾಗಲಿಲ್ಲ. ಹದಿನಾರನೆಯ ವಯಸ್ಸಿಗೆ ಹಳ್ಳಿಯಿಂದ ಬಾಸೆಲ್ ನಗರಕ್ಕೆ ಬಂದು ಔಷಧ ಕಾರ್ಖಾನೆಯಲ್ಲಿ ಸೀಸೆ ತೊಳೆಯಲು ನಿಂತವರಿಗೆ ಈಗ ಅರವತ್ತನಾಲ್ಕು. ಮೇ ಕೊನೆಗೆ ನಿವೃತ್ತಿ. ಡಾಕ್ಟರುಗಳು, ಅಂದರೆ ಅಲ್ಲಿಯ ವಿಜ್ಞಾನಿಗಳು, ಕಾಗದದ ಮೇಲೆ ಗೆರೆ ಎಳೆದು ಕೊಟ್ಟಿದ್ದನ್ನು ಹರಳು ಮಾಡಿ ತಂದಿಡುವುದು ಅವರ ಕೆಲಸ. ಬೂಸರ್ ಕೈ ತಪ್ಪುವುದಿಲ್ಲ ಎಂದು ಕಾರ್ಖಾನೆಯಲ್ಲೆಲ್ಲ ಮಾತು.

ಎಂಟು ವರ್ಷಗಳಿಂದ ಅವರ ಮೇಜಿನ ಮೇಲಿರುವುದು ರೈ ಧಾನ್ಯದ ತೆನೆಗೆ ಹತ್ತುವ ಕಪ್ಪು ಕೊಂಬಿನಂಥ ಬೂಷ್ಟಿನಿಂದ ಬಂದ ದ್ರವ್ಯ. ಕಣ್ಣಿಗೆ ಕಾಣದಷ್ಟು ಹೊಟ್ಟೆಗೆ ಹೋದರೂ ಗೋಡೆ ಅಲೆಯಾಡುತ್ತದೆ, ಕೂತ ಕುರ್ಚಿಯೇ ಹೆದರಿಸುತ್ತದೆ, ಮನಸ್ಸು ದಿನವಿಡೀ ಹಿಡಿತಕ್ಕೆ ಸಿಗುವುದಿಲ್ಲ. ಅದರ ಒಂದೊಂದು ತುದಿ ಬದಲಿಸಿ ದಾಯಾದಿಗಳನ್ನು ಹುಟ್ಟಿಸಿ, ಯಾವುದಕ್ಕೆ ಆ ಗುಣ ಉಳಿದಿದೆ, ಯಾವುದಕ್ಕಿಲ್ಲ ಎಂದು ನೋಡುತ್ತಾರೆ. ಇದನ್ನು ಬೂಸರ್ ಒಮ್ಮೆ ಲಿಸ್ಬೆತ್‌ಗೆ ಬಟ್ಟೆಯ ಕ್ಲಿಪ್ಪು ಜೋಡಿಸಿ ತೋರಿಸಿದ್ದರು.

"ಮೈ ಅದೇ, ಬಾಲ ಬೇರೆ. ಈಗ ಇದು ಕಚ್ಚುತ್ತೋ ಇಲ್ವೋ ಹೇಳು ನೋಡೋಣ."

"ಕಚ್ಚಿಸ್ಕೊಂಡೇ ನೋಡ್ಬೇಕು."

"ನಮ್ ಡಾಕ್ಟ್ರೂ ಹಾಗೇ ಅಂತಾರೆ" ಎಂದು ನಕ್ಕಿದ್ದರು.

ಇಡೀ ಕಟ್ಟಡಕ್ಕೆ ಒಂದೇ ಒಗೆಯುವ ಕೋಣೆ, ಇಂದು ಅದರ ಬೀಗದಕೈ ನಮ್ಮ ಸರದಿ. ನೆಲಮಾಳಿಗೆಯಲ್ಲಿ ಮೇಲುಹಾಸು ಹಿಂಡುತ್ತಿದ್ದೆ. ಬೂಸರ್ ಹ್ಯಾಟಿನಲ್ಲೇ ಬಂದು ನಿಂತರು, ಕೂರಲಿಲ್ಲ.

"ನೀವು ಹಿಂಡೋದು ನೋಡಿದ್ರೆ, ಬಟ್ಟೆಗೆ ನೋವಾಗುತ್ತೇನೋ ಅಂತ ಹೆದರ್ತೀರಿ, ಫ್ರಾವ್ ನೆಬಿಕರ್."

"ಬಾಯಲ್ಲಿ ಹಿಂಡೋದು ಸುಲಭ, ಬೂಸರ್ ಅವ್ರೇ. ಆ ತುದಿ ಹಿಡೀರಿ."

ಹಿಡಿದರು. ನೀರು ಇಳಿದು ಮುಗಿದರೂ ತಿರುಚುತ್ತಲೇ ಇದ್ದರು. ಸಾಕೆಂದೆ, ಕೇಳಿಸಲಿಲ್ಲ. ಆಮೇಲೆ ಬಟ್ಟೆಯನ್ನೇ ನೋಡುತ್ತ ಹೇಳಿದರು.

ಕಳೆದ ಫಾಸ್ನಾಖ್ಟ್ ಹಬ್ಬದ ಸೋಮವಾರ, ಮಧ್ಯಾಹ್ನ. ಊರಿಗೆಲ್ಲ ವೇಷ, ಮೆರವಣಿಗೆ. ಇವರಿಗೆ ಮಾತ್ರ ಮೂವತ್ತೊಂದನೆಯ ದಾಯಾದಿ ಸೀಸೆಯಲ್ಲಿ ಹರಳುಗಟ್ಟುತ್ತಿತ್ತು, ಬಿಟ್ಟು ಬರುವ ಹಾಗಿಲ್ಲ. ಈ ಮನೆತನದ ದ್ರವ್ಯಕ್ಕೆ ಬೆಳಕು ಆಗುವುದಿಲ್ಲ, ಕಪ್ಪು ಪರದೆ ಎಳೆದೇ ಕೆಲಸ. ಕೆಳಗೆ ಡೋಲು ಬಂತು. ನಲವತ್ತು ವರ್ಷ ಇವರೇ ಬಾರಿಸಿದ ತಂಡ.

"ಹೊಸ ಹುಡುಗ್ರು ತಾಳ ಹಿಡೀತಾರೋ ಇಲ್ವೋ ನೋಡೋಣ ಅಂತ ಪರದೆ ಎತ್ತಿದೆ. ಹಿಡೀಲಿಲ್ಲ, ಕತ್ತೆಗಳು. ಬೈಕೊಂಡು ಅರ್ಧ ಗಂಟೆ ನಿಂತುಬಿಟ್ಟೆ. ಹಿಂದೆ ಮೇಜಿನ ಮೇಲೆ ಬಿಸಿಲು."

"ಕೆಟ್ಟುಹೋಯ್ತಾ?"

"ಕೆಟ್ಟಿದ್ದು ಕಣ್ಣಿಗೆ ಕಾಣಲ್ಲ, ಅದೇ ಬಿಳಿ ಪುಡಿ. ಎಷ್ಟು ಶಾಖಕ್ಕೆ ಕರಗುತ್ತೆ ಅಂತ ನೋಡಿದ್ರೆ ತಿಳೀತಿತ್ತು. ನೋಡ್ಲಿಲ್ಲ. ಬೆಳಿಗ್ಗೆ ಮೊದಲು ಕಟ್ಟಿದ ಹರಳಲ್ಲಿ ಒಂದು ಚಿಟಿಕೆ ನೋಡಿದ್ನಲ್ಲ, ಆ ಅಂಕಿನೇ ಸಂಜೆಗೂ ಬರೆದುಬಿಟ್ಟೆ."

ಇಲಿಗಳಿಗೆ ಆ ಪುಡಿಯಿಂದ ಏನೂ ಆಗಲಿಲ್ಲ. ಮೂವತ್ತೊಂದಕ್ಕೆ ಜೀವವಿಲ್ಲ, ಮನಸ್ಸು ಕೆಡಿಸುವ ಗುಣ ಉಳಿದಿಲ್ಲ ಎಂದು ಬೂಸರ್‌ಗೆ ಕೆಲಸ ಕೊಡುವ ಡಾಕ್ಟರ್ ಅಲ್ಟ್‌ಹೆರ್ ತೀರ್ಮಾನಿಸಿದರು. ಲೇಖನ ಕಳಿಸುವ ಮೊದಲು ಕೊನೆಯ ಪರೀಕ್ಷೆ ತಮ್ಮ ಮೇಲೇ. ಅವರ ವಿಭಾಗದ ಪದ್ಧತಿ ಅದು. ಈ ವಾರ ಇನ್ನೊಬ್ಬ ಸಹಾಯಕ ಅದೇ ಮೂವತ್ತೊಂದನ್ನು ಹೊಸದಾಗಿ, ಕತ್ತಲಲ್ಲೇ ಮಾಡಿಟ್ಟಿದ್ದಾನೆ. ಬಿಸಿಲು ತಾಗದ ಅದಕ್ಕೆ ಆ ಗುಣ ಇದ್ದರೂ ಇದ್ದೀತು. ಸೋಮವಾರ ಒಂಬತ್ತಕ್ಕೆ ಡಾಕ್ಟರು ಕುಡಿಯುವುದು ಅದನ್ನು. ಜೀವವಿಲ್ಲದ್ದು ತಾನೇ ಎಂದು ಮೂಲ ದ್ರವ್ಯದ ಅಳತೆಗಿಂತ ಇಪ್ಪತ್ತು ಪಟ್ಟು ಹೆಚ್ಚು.

ನನ್ನ ಕೈ ನಿಂತಿತು. "ಆ ಡಾಕ್ಟರ ಮಗು ಹುಟ್ಟಿ ಆರು ವಾರ ಆಗಿಲ್ಲ ಅಂತ ನೀವೇ ಹೇಳಿದ್ರಿ."

"ಗೊತ್ತು. ಮೂರು ಸಲ ಅವರ ಕೋಣೆಗೆ ಹೋದೆ. ಒಳಗೆ ಕಾಲಿಟ್ಟ ಕೂಡ್ಲೇ, 'ಬನ್ನಿ ಬೂಸರ್, ನಿಮ್ಮ ಅಂಕಿ ಇದ್ರೆ ನಾನು ಎರಡನೇ ಸಲ ನೋಡಲ್ಲ' ಅಂತಾರೆ. ಹೂಂ ಅಂತ ವಾಪಸ್ ಬರ್ತೀನಿ. ಬಿಸಿಲು ಬಿದ್ದಿದ್ದು ಹೇಳ್ಬಹುದು, ಅಂಕಿ ಬರೆದಿದ್ದು ಹೇಗೆ ಹೇಳೋದು?"

"ಒಂದು ಚೀಟಿ ಬರೆದು ಕೊಡಿ."

"ಐದು ಬರೆದೆ. ಐದೂ ಒಲೆಗೆ ಹೋದವು."

"ಅವರ ಮನೆ ಎಲ್ಲಿ?"

"ರೈನ್ ನದಿ ಆಚೆ. ಟ್ರಾಮಿನಲ್ಲಿ ಹತ್ತು ನಿಮಿಷ. ಬೆಳಿಗ್ಗೆಯಿಂದ ಹೊರಡ್ತಾನೇ ಇದೀನಿ."

ಬೈಯಬೇಕೆನಿಸಿತು. ಈ ಮನುಷ್ಯನೇ ಹೋದ ಚಳಿಗಾಲ ಲಿಸ್ಬೆತ್‌ಗೆ ಜ್ವರ ಬಂದಾಗ ಮೂರು ದಿನ ನಮ್ಮ ಕಲ್ಲಿದ್ದಲು ಹೊತ್ತು ತಂದವರು. ಒಂದು ಅಂಕಿಗಾಗಿ ಒಂದು ಮಗುವಿನ ತಂದೆಯನ್ನು ಬಲಿಕೊಡುತ್ತೀರಾ ಎಂಬ ಮಾತು ಬಾಯಿಗೇ ಬಂದಿತ್ತು. ಅವರು ಹಿಂಡಿ ಒಣಗಿದ ಹಾಸನ್ನು ಮತ್ತೆ ಹಿಂಡುತ್ತಿದ್ದರು. ಕಿತ್ತುಕೊಂಡು ಬುಟ್ಟಿಗೆ ಹಾಕಿದೆ.

"ಈಗ್ಲೇ ಹೋಗಿ. ಊಟದ ಹೊತ್ತು, ಮನೇಲೇ ಇರ್ತಾರೆ."

"ಹೋಗ್ತೀನಿ" ಎಂದರು, ಕದಲಲಿಲ್ಲ. ಹ್ಯಾಟು ತೆಗೆದರು, ಅದರ ಅಂಚನ್ನು ಒಂದು ಸುತ್ತು ತಿರುಗಿಸಿದರು.

"ಫ್ರಾವ್ ನೆಬಿಕರ್, ಬಟ್ಟೆ ಆಮೇಲೆ ಹರವಿದ್ರೆ ಆಗುತ್ತಾ? ಮಗೂಗೆ ಕೋಟು ಹಾಕಿ, ನನ್ನ ಜೊತೆ ಬನ್ನಿ. ಅವರು ಬಾಗಿಲು ತೆಗೆದಾಗ ಮೊದಲನೇ ಮಾತು ನೀವು ಹೇಳ್ಬಿಡಿ, 'ಬೂಸರ್ ಸುಳ್ಳು ಅಂಕಿ ಬರೆದಿದಾರೆ' ಅಂತ. ಅಷ್ಟು ಸಾಕು. ಉಳಿದಿದ್ದು ನಾನು ಹೇಳ್ತೀನಿ."