ಏಳನೆಯ ಪಿನ್ನು

ಫೆಬ್ರವರಿ ಹನ್ನೊಂದು, ಬೆಳಿಗ್ಗೆ ಎಂಟೂ ಇಪ್ಪತ್ತು. ಖಾನಾಪುರದ ನಮ್ಮ ಮನೆಯ ಪಡಸಾಲೆ. ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗುತ್ತಿದ್ದವನು ನಾನು. ಈಗ ನಗು ಬರುವುದಿಲ್ಲ.

ಬೈಕಿನಿಂದ ಬಿದ್ದು ನನ್ನ ಬಲಗಾಲಿನ ಎಲುಬು ಮುರಿದಿತ್ತು. ಬೆಳಗಾವಿಯ ಆಸ್ಪತ್ರೆಯಲ್ಲಿ ಪೂರ್ತಿ ಎಚ್ಚರ ತಪ್ಪಿಸಿ, ಎಲುಬಿಗೆ ಆರು ಪಿನ್ನು ಇಳಿಸಿ, ಅವನ್ನು ಕಾಲಿನ ಹೊರಗೆ ಒಂದು ರಾಡಿಗೆ ಬಿಗಿದಿದ್ದರು. ಪಿನ್ನಿನ ಬುಡದಲ್ಲಿ ಕೀವಾಗಿ ಎಲುಬಿಗೆ ಇಳಿದರೆ ಕಾಲು ಉಳಿಸುವುದು ಕಷ್ಟ ಎಂದು ಡಾಕ್ಟರು ಎಚ್ಚರಿಸಿದ್ದರು. ಹಾಗಾಗಿ ದಿನವೂ ಅವ್ವ ಕೈ ತೊಳೆದುಕೊಂಡು, ಪಿನ್ನಿಗೊಂದರಂತೆ ಬೇರೆ ಬೇರೆ ಗಾಜ್ ಬಟ್ಟೆಯನ್ನು ಸಲೈನಿನಲ್ಲಿ ಅದ್ದಿ ಬುಡ ಒರೆಸುತ್ತಿದ್ದಳು. ಅದನ್ನು ನೋಡುವುದು ನನ್ನಿಂದಾಗುತ್ತಿರಲಿಲ್ಲ. ನಾನು ನೋಟ್‌ಬುಕ್ಕಿನ ಕಡೆ ಮುಖ ಮಾಡಿ, ಅವಳು ಕೂಗಿದ್ದನ್ನಷ್ಟೇ ಬರೆಯುತ್ತಿದ್ದೆ. ‘ಒಂದು, ಚಲೋ ಐತಿ. ಎರಡು, ಚಲೋ ಐತಿ.’

ಫೆಬ್ರವರಿ ಹನ್ನೊಂದು ಹೀಗೆ ಒರೆಸತೊಡಗಿದ ಮೂವತ್ತೆಂಟನೆಯ ದಿನ. ಸಂಜೆ ಒಟ್ಟು ಲೆಕ್ಕ ಹಾಕಿದೆ. ಇನ್ನೂರ ಇಪ್ಪತ್ತೆಂಟು ನಮೂದು ಇರಬೇಕಿತ್ತು, ಒಂದು ಹೆಚ್ಚಿತ್ತು. ಬೆಳಗಿನ ಪುಟದಲ್ಲಿ ಆರರ ಕೆಳಗೆ ನನ್ನದೇ ಅಕ್ಷರ: ‘ಏಳು. ಎರಡು ಬೆರಳು ಕೆಳಗೆ. ಬಿಸಿ ಐತಿ.’ ಬರೆದದ್ದು ನೆನಪಿತ್ತು. ಅವ್ವ ಹೇಳಿದ್ದೂ ಕಿವಿಯಲ್ಲಿತ್ತು.

ಅವ್ವನನ್ನು ಕೇಳಿದೆ. ‘ನಾ ಆರಕ್ಕ ಮುಗಿಸೇನಿ. ನಿನ್ನ ಕಾಲಾಗ ಆರ ಅದಾವು, ಏಳನೇದು ನಿಮ್ಮಪ್ಪಗ ಹಾಕ್ಯಾರೇನು?’ ಎಂದು ನಕ್ಕಳು. ನಾನು ಪುಟ ತೋರಿಸಿದೆ. ಅವಳು ಎದ್ದುಹೋಗಿ ಮತ್ತೆ ಕೈ ತೊಳೆದು ಬಂದು, ಆರನೆಯ ಪಿನ್ನಿಗಿಂತ ಎರಡು ಬೆರಳು ಕೆಳಗೆ ಮುಟ್ಟಿದಳು. ಅಲ್ಲಿ ಮಾಯ್ದ ಒಂದು ಸಣ್ಣ ಚುಕ್ಕೆ ಬಿಟ್ಟರೆ ಏನೂ ಇರಲಿಲ್ಲ.

‘ಲೇ, ಖರೇನ ಬಿಸಿ ಹತ್ತತೈತಿ’ ಎಂದಳು.

ಮರುದಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ಚುಕ್ಕೆಯ ಅಡಿಯಲ್ಲಿ ಕೀವು ಕಂಡಿತು. ಆಪರೇಷನ್ನಿನಲ್ಲಿ ಮೊದಲು ಅಲ್ಲೊಂದು ಪಿನ್ನು ಹಾಕಿ, ಹಿಡಿತ ಸಿಗದೆ ತೆಗೆದಿದ್ದರಂತೆ. ಅದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಡಾಕ್ಟರು ಕೀವು ತೆಗೆದು ಸ್ವಚ್ಛ ಮಾಡಿ ಔಷಧಿ ಬರೆದರು. ‘ಇನ್ನ ಸ್ವಲ್ಪ ತಡಾ ಮಾಡಿದ್ರ ಎಲಬಿಗೆ ಇಳೀತಿತ್ರೀ. ಹೆಂಗ ಗೊತ್ತಾತು?’ ಎಂದು ಕೇಳಿದರು. ‘ಮುಟ್ಟಿದ್ರ ಬಿಸಿ ಹತ್ತಿತ್ರೀ’ ಎಂದಷ್ಟೇ ಅವ್ವ ಹೇಳಿದಳು.

ಕಾಲು ಉಳಿಯಿತು. ಆಪರೇಷನ್ನಿನ ಮಂಪರಿನಲ್ಲಿ ಆ ತೆಗೆದ ಪಿನ್ನಿನ ಬಗ್ಗೆ ಡಾಕ್ಟರು ಆಡಿದ ಮಾತು ನನ್ನ ಕಿವಿಗೆ ಬಿದ್ದಿತ್ತೇ? ಇದ್ದರೂ ಇರಬಹುದು. ಆದರೆ ಅಲ್ಲಿ ಬಿಸಿಯಾಗುವುದು ಅಂದೇ ಯಾರಿಗೆ ತಿಳಿದಿತ್ತು? ತಾನು ಹೇಳಲಿಲ್ಲವೆಂದು ಅವ್ವ ಆಣೆ ಮಾಡುತ್ತಾಳೆ. ಅವಳು ಸುಳ್ಳಾಡುವವಳಲ್ಲ. ನಾನೂ ಕೇಳದ್ದನ್ನು ಬರೆಯುವವನಲ್ಲ.

ಓದುವವರಲ್ಲಿ ಇಂಥ ರಾಡು ಹಾಕಿಸಿಕೊಂಡವರೋ, ಅದನ್ನು ಒರೆಸಿದವರೋ ಇದ್ದು, ಹೀಗೇನಾದರೂ ಕಂಡಿದ್ದರೆ ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಆ ಬೆಳಿಗ್ಗೆ ಅವ್ವನ ದನಿಯಲ್ಲಿ ನನಗೆ ಹೇಳಿದವರು ಯಾರು ಎಂಬುದಷ್ಟೇ ತಿಳಿಯಬೇಕಾಗಿದೆ.