ಇಲಿಗಳ ಉಪವಾಸ

ಮೊಮ್ಮಕ್ಕಳೇ, ಸಾನ್ವಿ, ಬಸು, ಈ ಅಜ್ಜಿ ಬೆಳಗಾವಿಯಲ್ಲಿ ಏನು ಮಾಡುತ್ತಿದ್ದಳೆಂದು ನೀವು ಕೇಳಿದಾಗಲೆಲ್ಲ "ಇಲಿ ಸಾಕುತ್ತಿದ್ದೆ" ಎಂದು ನಕ್ಕು ಮಾತು ತೇಲಿಸಿದ್ದೇನೆ. ಬಾಯಿಬಿಟ್ಟು ಹೇಳಲು ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ, ಬೀಡಿ ಎಂಬ ಊರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ್ದ ನನಗೆ ಬೆಳಗಾವಿಯ ಒಂದು ಸಂಶೋಧನಾಲಯದಲ್ಲಿ ಪ್ರಯೋಗದ ಇಲಿಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಖಾನಾಪುರದಿಂದ ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದೆ. ಈಗ ಹೇಳುವುದು ನನ್ನ ನಿವೃತ್ತಿಗೆ ಮೂರು ವರ್ಷ ಮೊದಲು ನಡೆದದ್ದು.

ಅಲ್ಲಿ ಸಂಶೋಧನೆ ನಡೆಸುತ್ತಿದ್ದ ಸುಮತಿ ಮೇಡಂ ಅವರ ಪ್ರಯೋಗದಲ್ಲಿ ಇಪ್ಪತ್ನಾಲ್ಕು ಇಲಿಗಳಿದ್ದವು. ಎಂಟಕ್ಕೆ ಸಾದಾ ಆಹಾರ, ಎಂಟಕ್ಕೆ ಕೊಬ್ಬಿನ ಆಹಾರ. ಉಳಿದ ಎಂಟರಲ್ಲಿ ಒಂದು ಜೀನ್ ಕೆಲಸ ಮಾಡದಂತೆ ಮಾಡಿದ್ದರು; ಅವಕ್ಕೂ ಕೊಬ್ಬೇ. ಇನ್ಸುಲಿನ್ ಎಂದರೆ ರಕ್ತದ ಸಕ್ಕರೆಯನ್ನು ಮೈಯೊಳಗಿನ ಜೀವಕೋಶಗಳಿಗೆ ಸೇರಿಸುವ ರಸ. ಕೊಬ್ಬು ಹೆಚ್ಚಾದರೆ ಮೈ ಇನ್ಸುಲಿನ್ನಿನ ಮಾತು ಕೇಳುವುದಿಲ್ಲ, ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಅದೇ ಇನ್ಸುಲಿನ್ ರೆಸಿಸ್ಟೆನ್ಸ್. ಆ ಜೀನ್ ಇಲ್ಲದ ಇಲಿಗಳು ಪಾರಾಗುತ್ತವೆಯೇ ಎಂಬುದು ಮೇಡಂ ಅವರ ಪ್ರಶ್ನೆ.

ಹತ್ತು ವಾರ ಕಳೆದು ಸಕ್ಕರೆ ಅಳೆಯುವ ದಿನ ಬಂತು. ಯಾವಾಗಲೂ ಅಳೆಯುವ ಮುನ್ನ ಇಲಿಗಳನ್ನು ಸಜ್ಜುಮಾಡುತ್ತಿದ್ದವರು ರಜೆಯಲ್ಲಿದ್ದರು. ಮೇಡಂ ನನಗೇ ಹೇಳಿದರು: "ಗೌರಕ್ಕಾ, ಮುಂಜಾನೆ ಎಂಟಕ್ಕ ಆಹಾರ ತೆಗೀರಿ. ಮಧ್ಯಾಹ್ನ ಎರಡರ ತನಕ ಇಲಿಗೋಳಿಗೆ ಉಪವಾಸ."

ಅಂದು ಶ್ರಾವಣ ಸೋಮವಾರ. ನನಗೂ ಉಪವಾಸ. ಡಬ್ಬಿಯಲ್ಲಿ ಸಾಬೂದಾಣಿ, ಅಂದರೆ ಸಬ್ಬಕ್ಕಿಯ ಖಿಚಡಿ, ಜೊತೆಗೊಂದು ಬಾಳೆಹಣ್ಣು ಇತ್ತು. ಹೇಳಿದ ಹೊತ್ತಿಗೆ ಆಹಾರ ತೆಗೆದೆ; ಒಂದು ಗಂಟೆಗೆ ಡಬ್ಬಿ ತೆರೆದಾಗ ಒಂದೊಂದು ಪಂಜರಕ್ಕೂ ಒಂದೊಂದು ಚಿಟಿಕೆ ಖಿಚಡಿ ಹಾಕಿದೆ.

ಎರಡು ಗಂಟೆಗೆ ಬಾಲದ ತುದಿಯ ಹನಿ ರಕ್ತ ಅಳೆಯುತ್ತ ಹೋದಂತೆ ಮೇಡಂ ಮುಖ ಬಾಡಿತು. ಸಾದಾ ಆಹಾರದ ಇಲಿಗಳಲ್ಲೂ ಸಕ್ಕರೆ ಏರಿತ್ತು. ಮಷೀನ್ ಬದಲಿಸಿದರೂ ಅದೇ.

"ಹತ್ತು ವಾರದ ಕೆಲಸ ನೀರಾಗ ಹೋತು. ಎಲ್ಲಾ ಹೊಸದಾಗಿ ಶುರು ಮಾಡಬೇಕು," ಎಂದರು.

ನನ್ನ ಖಿಚಡಿಯಿಂದಲೇ ಹೀಗಾಯಿತೇನೋ, ಹೇಳಿದರೆ ಕೆಲಸ ಹೋದೀತು ಎಂದು ಹೆದರಿದೆ. ಆದರೂ ಹೇಳಿದೆ: "ಮೇಡಂ, ನಾ ಖಿಚಡಿ ಹಾಕೀನ್ರೀ."

"ಏನು?"

"ಸಾಬೂದಾಣಿದು. ಉಪವಾಸಕ್ಕ ನಡೀತೈತಲ್ರೀ."

ಮೇಡಂ ಕೈಯಲ್ಲಿದ್ದ ಮಷೀನ್ ಕೆಳಗಿಟ್ಟರು. "ಗೌರಕ್ಕಾ, ಇಲಿಗೋಳ ಕಡೆ ಶ್ರಾವಣ ಸೋಮವಾರ ಮಾಡಿಸೀರೇನು? ಮತ್ತ ಬಾಳಿಹಣ್ಣು ಕೊಡಲಿಲ್ಲೇನು?"

"ಅದನ್ನ ನಾ ತಿಂದ್ನಿರೀ."

ಮೇಡಂ ನಗು ತಡೆಯಲಾರದೆ ಕುರ್ಚಿಯಲ್ಲಿ ಕುಳಿತರು. ಆಮೇಲೆ ನನ್ನ ಎದುರಿಗೇ ನಡೆದದ್ದನ್ನೆಲ್ಲ ಪ್ರಯೋಗದ ದಾಖಲೆ ವಹಿಯಲ್ಲಿ ಬರೆದರು. ವಾರ ಬಿಟ್ಟು, ಬರೀ ನೀರಿಟ್ಟು ಮತ್ತೆ ಅಳೆದರು. ಸಾದಾ ಇಲಿಗಳ ಸಕ್ಕರೆ ಇಳಿದಿತ್ತು. ಕೊಬ್ಬು ತಿಂದವುಗಳದ್ದು ಏರಿತ್ತು. ಜೀನ್ ಇಲ್ಲದವುಗಳದ್ದು ಅಷ್ಟು ಏರಿರಲಿಲ್ಲ. ಮೇಡಂ ಅವರ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಗೊತ್ತಿಲ್ಲದ ಮಾತಿನ ಅರ್ಥವನ್ನು ಎಲ್ಲರೂ ಕೇಳುತ್ತಾರೆ. 'ಉಪವಾಸ'ದಂಥ ಗೊತ್ತಿರುವ ಮಾತಿನ ಅರ್ಥವನ್ನೂ ಒಮ್ಮೆ ಕೇಳಬೇಕು. ತಪ್ಪಾದರೆ ಅವತ್ತೇ ಹೇಳಬೇಕು. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ನಗುವುದಿದ್ದರೆ ನಗಿರಿ ಮಕ್ಕಳೇ, ಆದರೆ ಈ ಹಾಳೆಗಳನ್ನು ಜೋಪಾನವಾಗಿಡಿ.